ಮೋಡದ ನೆತ್ತಿ ನೋಡುವವರು

ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗೆ ಕರ್ನಾಟಕದ ಒಳನಾಡಿನಲ್ಲಿ ಬೀಳುವುದು ಬಹುಮಟ್ಟಿಗೆ ಗುಡುಗು ಮಳೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ರೈತರು ಲೆಕ್ಕ ಇಡುವ ಈ ಮಳೆಗಳು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಹುಟ್ಟುತ್ತವೆ, ಒಂದೆರಡು ಗಂಟೆ ಅಬ್ಬರಿಸಿ ರಾತ್ರಿಯೊಳಗೆ ಮುಗಿಯುತ್ತವೆ. ಒಂದು ಹೋಬಳಿ ತೊಯ್ದು ತೊಪ್ಪೆಯಾದಾಗ ಪಕ್ಕದ ಹೋಬಳಿಯಲ್ಲಿ ಧೂಳು ಏಳುತ್ತಿರುತ್ತದೆ. ಜಿಲ್ಲೆಗೊಂದರಂತೆ ಹೊರಡುವ ಮುನ್ಸೂಚನೆಗೆ ಇಷ್ಟು ಸಣ್ಣ ಮಳೆಯ ಜಾಗ ಹಿಡಿದು ಹೇಳುವುದು ಕಷ್ಟ. ಹಾಗಾಗಿ ತಮ್ಮ ಊರಿನ ಮಳೆಯನ್ನು ಉಪಗ್ರಹ ಚಿತ್ರದಲ್ಲಿ ತಾವೇ ಹುಡುಕಿಕೊಳ್ಳುವ ಹವ್ಯಾಸಿಗಳು ದಕ್ಷಿಣ ಭಾರತದಲ್ಲಿ ಹೆಚ್ಚುತ್ತ ಬಂದಿದ್ದಾರೆ.

ಅವರಲ್ಲಿ ಕಾಫಿ ಬೆಳೆಗಾರರ ಆಸಕ್ತಿ ತೀರ ಪ್ರಾಯೋಗಿಕವಾದದ್ದು. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಆದರೆ ಮಳೆ ಅರೆಬರೆಯಾದರೆ ಮೊಗ್ಗು ಪೂರ್ತಿ ಬಿರಿಯದೆ ಕೆಡುತ್ತದೆ, ಆ ವರ್ಷದ ಫಸಲಿಗೇ ಪೆಟ್ಟು. ಇವತ್ತು ಸ್ಪ್ರಿಂಕ್ಲರ್ ಹಚ್ಚಬೇಕೋ, ಸಂಜೆಯ ಮೋಡವನ್ನು ನಂಬಿ ಡೀಸೆಲ್ ಉಳಿಸಬೇಕೋ ಎಂಬುದನ್ನು ಮಧ್ಯಾಹ್ನವೇ ತೀರ್ಮಾನಿಸಬೇಕಾಗುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರಿಗೆ ಆಲಿಕಲ್ಲಿನ ಭಯ, ಶ್ರೀನಿವಾಸಪುರದ ಮಾವಿನ ತೋಪಿನವರಿಗೆ ಕಾಯಿ ಉದುರಿಸುವ ಬಿರುಗಾಳಿಯ ಭಯ. ಬೆಳೆಯ ಹಂಗಿಲ್ಲದೆ ಮೋಡದ ಮೇಲಿನ ಪ್ರೀತಿಗೇ ಇದಕ್ಕೆ ಇಳಿದವರೂ ಇದ್ದಾರೆ. ಚೆನ್ನೈಯಲ್ಲಿ ಈ ಹವ್ಯಾಸ ಹಳೆಯದು. 2015ರ ಡಿಸೆಂಬರ್ ಪ್ರವಾಹದ ನಂತರ ಅಲ್ಲಿ ಸಾಮಾನ್ಯ ಜನರೂ ಹವ್ಯಾಸಿಗಳ ಮಾತಿಗೆ ಕಿವಿಗೊಡತೊಡಗಿದರು.

ಬೇಸಿಗೆಯಲ್ಲಿ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನವರೆಗೆ ಗಾಳಿಯ ದಿಕ್ಕು ಮುರಿಯುವ ಒಂದು ಗೆರೆ ಆಗಾಗ ಮೂಡುತ್ತದೆ. ಗೆರೆಯ ಒಂದು ಪಕ್ಕದಲ್ಲಿ ವಾಯವ್ಯದಿಂದ ಬರುವ ಒಣಗಾಳಿ, ಇನ್ನೊಂದು ಪಕ್ಕದಲ್ಲಿ ಬಂಗಾಳ ಕೊಲ್ಲಿಯ ತೇವ ಹೊತ್ತ ಗಾಳಿ. ಎರಡೂ ಸೇರುವಲ್ಲಿ ಕಾದ ನೆಲದ ಗಾಳಿಗೆ ಮೇಲೇಳದೆ ಬೇರೆ ದಾರಿಯಿಲ್ಲ. ಗೆರೆ ಒಂದು ದಿನ ಚಿತ್ರದುರ್ಗದ ಮೇಲಿದ್ದರೆ ಮರುದಿನ ತುಮಕೂರಿನ ಮೇಲಿರಬಹುದು. ಪಶ್ಚಿಮ ಘಟ್ಟದ ಇಳಿಜಾರು ಮಾತ್ರ ಕದಲುವುದಿಲ್ಲ. ಸಮುದ್ರದಿಂದ ಬರುವ ಮಧ್ಯಾಹ್ನದ ಗಾಳಿ ಘಟ್ಟ ಹತ್ತುವಾಗ ಮೂಡಿಗೆರೆ, ಸಕಲೇಶಪುರದ ಆಸುಪಾಸಿನಲ್ಲಿ ಮೋಡ ಕಟ್ಟುತ್ತದೆ.

ಇದನ್ನೆಲ್ಲ ಮೇಲಿನಿಂದ ತೋರಿಸುವವು ಇನ್ಸಾಟ್ ಸರಣಿಯ ಉಪಗ್ರಹಗಳು. ಇನ್ಸಾಟ್-3ಡಿಆರ್ 2016ರ ಸೆಪ್ಟೆಂಬರ್ 8ರಂದು, ಇನ್ಸಾಟ್-3ಡಿಎಸ್ 2024ರ ಫೆಬ್ರವರಿ 17ರಂದು ಶ್ರೀಹರಿಕೋಟಾದಿಂದ ಹಾರಿದವು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ತಿರುಗುವಿಕೆಗೆ ಸರಿಯಾಗಿ ಸುತ್ತುವುದರಿಂದ ಅವು ಒಂದೇ ಕಡೆ ನಿಂತಂತೆ ಕಾಣುತ್ತವೆ. ಒಂದೊಂದೂ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಸರದಿಯ ಮೇಲೆ ತೆಗೆದಾಗ ಕಾಲು ಗಂಟೆಗೊಂದು ಚಿತ್ರ ಸಿಗುತ್ತದೆ. ಭಾರತೀಯ ಹವಾಮಾನ ಇಲಾಖೆಯೂ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ಮೋಸ್ಡ್ಯಾಕ್ ಜಾಲತಾಣವೂ ಈ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಒಂದು ಕಾಲದಲ್ಲಿ ಕಚೇರಿಯೊಳಗಿನ ತಜ್ಞರಷ್ಟೇ ನೋಡುತ್ತಿದ್ದ ಚಿತ್ರ ಇಂದು ತೋಟದ ಮನೆಯ ಮೊಬೈಲಿನಲ್ಲಿ ತೆರೆಯುತ್ತದೆ ಎಂಬುದು ದೇಶದ ಹವಾಮಾನ ಸೇವೆಯಲ್ಲಿ ಆದ ನಿಜವಾಗಿಯೂ ದೊಡ್ಡ ಬದಲಾವಣೆ. ಚಿತ್ರದ ಮೇಲಿನ ವೇಳೆ ಮಾತ್ರ ಗ್ರೀನಿಚ್ ಲೆಕ್ಕದ್ದು, ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು.

ಹೊಸಬರ ಕಣ್ಣು ಮೊದಲು ಹೋಗುವುದು ಸಂಜೆಯ ಬಣ್ಣದ ಚಿತ್ರದಲ್ಲಿನ ಕೆಂಪು ಮಚ್ಚೆಗಳ ಕಡೆಗೆ. ಪಳಗಿದವರು ಹನ್ನೊಂದು ಗಂಟೆಯಿಂದ ಎರಡು ಗಂಟೆಯವರೆಗಿನ ಕಪ್ಪು-ಬಿಳುಪು ಚಿತ್ರಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ, ಅದೇ ಸರಿ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೆಗೆದ ಈ ಚಿತ್ರದಲ್ಲಿ 1 ಕಿ.ಮೀ.ವರೆಗಿನ ವಿವರ ಸಿಗುತ್ತದೆ, ಅವಕೆಂಪು ಚಿತ್ರದಲ್ಲಿ 4 ಕಿ.ಮೀ.ಯದು ಮಾತ್ರ. ಬೆಳಗಿನ ಮಂಜು ಅಥವಾ ಮೋಡದ ಹೊದಿಕೆ ಎಲ್ಲಿ ತಡವಾಗಿ ಕರಗಿತು, ಎಲ್ಲಿ ನೆಲ ಬೇಗ ಬಿಸಿಲಿಗೆ ಬಿತ್ತು ಎಂಬುದು ಅಲ್ಲಿ ಕಾಣುತ್ತದೆ. ಬೇಗ ಕಾದ ಜಾಗಕ್ಕೂ ತಡವಾಗಿ ಕಾದ ಜಾಗಕ್ಕೂ ನಡುವಿನ ಅಂಚಿನಲ್ಲಿ ಸಣ್ಣ ಮೋಡಗಳು ಸಾಲುಗಟ್ಟುತ್ತವೆ. ಸಾಲಿನಲ್ಲಿ ಒಂದು ಮೋಡ ಉಳಿದವಕ್ಕಿಂತ ಬಿಳಿಯಾಗಿ, ಅಂಚು ಚೂಪಾಗಿ ಎದ್ದರೆ ಆ ದಿನದ ಗುಡುಗು ಅಲ್ಲಿಂದ ಹೊರಡುವ ಸಂಭವ ಹೆಚ್ಚು.

ಅಲ್ಲಿಂದ ಮುಂದೆ ಅವಕೆಂಪು ಚಿತ್ರ ಬೇಕು. ಅದು ಅಳೆಯುವುದು ಮೋಡದ ನೆತ್ತಿಯ ಉಷ್ಣತೆಯನ್ನು. ಮೇಲೆ ಹೋದಂತೆ ಗಾಳಿ ತಣ್ಣಗಾಗುವುದರಿಂದ ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ. ನೆತ್ತಿ ಕಾಲು ಗಂಟೆಗೆ 8 ಡಿಗ್ರಿಯಷ್ಟು ತಣ್ಣಗಾದರೆ ಮೋಡ ರಭಸದಿಂದ ಬೆಳೆಯುತ್ತಿದೆ ಎಂದರ್ಥ. ಆದ್ದರಿಂದ ಒಂದು ಚಿತ್ರಕ್ಕಿಂತ ಎರಡು ಚಿತ್ರಗಳ ನಡುವಿನ ವ್ಯತ್ಯಾಸದಲ್ಲಿ ತಿಳಿಯುವುದು ಹೆಚ್ಚು. ಉಷ್ಣವಲಯದಲ್ಲಿ ಗುಡುಗು ಮೋಡ 16-17 ಕಿ.ಮೀ.ವರೆಗೂ ಏರಬಲ್ಲದು, ಅಲ್ಲಿ ಉಷ್ಣತೆ ಮೈನಸ್ 70-80 ಡಿಗ್ರಿ. ಆ ಎತ್ತರದಲ್ಲಿ ಏರುಗಾಳಿಗೆ ತಡೆ ಬಿದ್ದು ಮೋಡ ಕಮ್ಮಾರನ ಅಡಿಗಲ್ಲಿನಂತೆ ಅಡ್ಡಕ್ಕೆ ಹರಡುತ್ತದೆ. ಏರುಗಾಳಿ ಬಹಳ ಬಲವಾಗಿದ್ದರೆ ತಡೆಯನ್ನೂ ತೂರಿ ಒಂದು ಉಬ್ಬು ಮೇಲೇಳುತ್ತದೆ. ಇಳಿಬಿಸಿಲಿನಲ್ಲಿ ಉಬ್ಬಿನ ನೆರಳು ಪೂರ್ವಕ್ಕೆ ಬೀಳುವುದರಿಂದ ಬೆಳಕಿನ ಚಿತ್ರದಲ್ಲಿ ಅದನ್ನು ಗುರುತಿಸಬಹುದು. ಅಂಥ ಮೋಡದ ಕೆಳಗೆ ಆಲಿಕಲ್ಲು, ಬಿರುಗಾಳಿಯ ಸಾಧ್ಯತೆ ಇರುತ್ತದೆ.

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಬಣ್ಣ ಹಚ್ಚಿದ ಅವಕೆಂಪು ಚಿತ್ರದಲ್ಲಿ ತಣ್ಣನೆಯ ನೆತ್ತಿ ಕೆಂಪಾಗಿ ಕಾಣುತ್ತದೆ; ಹರಡಿದ ತೆಳು ಮೋಡವೂ ಅಷ್ಟೇ ತಣ್ಣಗಿರುವುದರಿಂದ ಅದೂ ಕೆಂಪೇ. ಮೇಲಿನ ಗಾಳಿ ಅದನ್ನು ನೂರಾರು ಕಿ.ಮೀ. ಎಳೆದೊಯ್ಯಬಹುದು, ಮಳೆ ಮಾತ್ರ ಒಂದು ಮೂಲೆಯಲ್ಲಿ ಸುರಿದು ಎಂದೋ ನಿಂತಿರುತ್ತದೆ. ಕೆಂಪು ಹಿಗ್ಗುತ್ತಿದ್ದು ಅದರೊಳಗಿನ ಅತಿ ತಣ್ಣನೆಯ ಭಾಗ ಕುಗ್ಗುತ್ತಿದ್ದರೆ ಆ ಮೋಡ ಸಾಯುತ್ತಿದೆ. ಜಾಗದ ತಪ್ಪೂ ಸೇರುತ್ತದೆ. ಉಪಗ್ರಹ ಓರೆಯಾಗಿ ನೋಡುವುದರಿಂದ ಬೆಂಗಳೂರಿನ ಮೇಲಿನ 15 ಕಿ.ಮೀ. ಎತ್ತರದ ಮೋಡ ಇನ್ಸಾಟ್-3ಡಿಆರ್ ಚಿತ್ರದಲ್ಲಿ ಸುಮಾರು 4 ಕಿ.ಮೀ. ಉತ್ತರಕ್ಕೆ ಸರಿದು ಕಾಣುತ್ತದೆ. ಹತ್ತು ನಿಮಿಷಕ್ಕೊಂದು ಚಿತ್ರ ಕೊಡುವ ಜಪಾನಿನ ಹಿಮಾವರಿಯ ಕಡೆಗೆ ಆಸೆಯಿಂದ ಹೋದವರಿಗೆ ತೊಂದರೆ ಇನ್ನೂ ಹೆಚ್ಚು. ಅದು ಇರುವುದು ದೂರದ ಪೂರ್ವದಲ್ಲಿ, 140.7 ಡಿಗ್ರಿ ರೇಖಾಂಶದ ಮೇಲೆ; ಅದೇ ಮೋಡ ಅಲ್ಲಿಂದ 40 ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕೆ ಸರಿದಿರುತ್ತದೆ.

ಸುರಿಯುವ ಮಳೆಯಿಂದ ತಣ್ಣಗಾದ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಊರಿನವರಿಗೆ ಅದು ಮಳೆಗೆ ಮುಂಚಿನ ತಂಪು ಗಾಳಿ, ಉಪಗ್ರಹಕ್ಕೆ ಕಮಾನಿನಾಕಾರದ ತೆಳು ಮೋಡದ ಗೆರೆ. ಎರಡು ಮಳೆಗಳ ಕಮಾನುಗಳು ಎದುರುಬದುರಾಗಿ ಬಂದು ಕೂಡುವಲ್ಲಿ ಹೊಸ ಮೋಡ ಏಳುವುದು ಬಹಳ ಸಲ ಕಾಣುತ್ತದೆ. ರಾಮನಗರದ ಮೋಡವೂ ಕೋಲಾರದ ಮೋಡವೂ ಕರಗುತ್ತಿರುವಾಗ ನಡುವಿನ ಬೆಂಗಳೂರಿನಲ್ಲಿ ರಾತ್ರಿ ಮಳೆ ಹೊಡೆಯುವುದು ಹೀಗೆಯೇ. ಅಷ್ಟು ಹೊತ್ತಿಗೆ ಬೆಳಕಿನ ಚಿತ್ರ ನಿಂತುಹೋಗಿರುತ್ತದೆ, ಅವಕೆಂಪಿನಲ್ಲಿ ತೆಳು ಕಮಾನು ಕಾಣದು. ಮಳೆಯನ್ನೇ ನೇರವಾಗಿ ಹಿಡಿಯುವ ಸಾಧನ ರೇಡಾರ್. ಆದರೆ ಭೂಮಿ ದುಂಡಗಿರುವುದರಿಂದ ಚೆನ್ನೈ ರೇಡಾರಿನ ಕೆಳಗಿನ ಕಿರಣವೂ ಬೆಂಗಳೂರು ತಲುಪುವಾಗ 7 ಕಿ.ಮೀ. ಎತ್ತರದಲ್ಲಿರುತ್ತದೆ, ಮೋಡದ ಬುಡ ಅದಕ್ಕೆ ಸಿಗುವುದಿಲ್ಲ.

ಉಪಗ್ರಹದ ಸಂಕೇತವನ್ನು ತಾವೇ ಹಿಡಿಯುವ ಹವ್ಯಾಸಿಗಳೂ ಇದ್ದರು. ಅಮೆರಿಕದ ನೋವಾ ಉಪಗ್ರಹಗಳು ತಲೆಯ ಮೇಲೆ ಹಾದುಹೋಗುವಾಗ 137 ಮೆಗಾಹರ್ಟ್ಸ್‌ನಲ್ಲಿ ಚಿತ್ರ ಬಿತ್ತರಿಸುತ್ತಿದ್ದವು. ಮನೆಯಲ್ಲೇ ಮಾಡಿದ ಆಂಟೆನಾ, ಅಗ್ಗದ ಯುಎಸ್‌ಬಿ ರಿಸೀವರ್ ಇದ್ದರೆ ತಾರಸಿಯ ಮೇಲೆ ನಿಂತು ಅದನ್ನು ಪಡೆಯಬಹುದಿತ್ತು. ಆ ಸರಣಿಯ ಕೊನೆಯವಾದ ನೋವಾ-15 ಮತ್ತು ನೋವಾ-19 ಎರಡನ್ನೂ 2025ರ ಆಗಸ್ಟ್‌ನಲ್ಲಿ ನಿಲ್ಲಿಸಲಾಯಿತು. ಗುಡುಗು ಮೋಡ ಬೆನ್ನಟ್ಟಲು ದಿನಕ್ಕೆ ಕೆಲವೇ ಸಲ ಹಾದುಹೋಗುವ ಉಪಗ್ರಹ ಸಾಲದು, ನಿಜ. ಆದರೂ ಚಿತ್ರ ಹೇಗೆ ಹುಟ್ಟುತ್ತದೆ ಎಂದು ಕಲಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಿಲ್ಲ.

ಎಚ್ಚರಿಕೆ ಕೊಡುವ ಹೊಣೆ ಹವಾಮಾನ ಇಲಾಖೆಯದು. ಹವ್ಯಾಸಿ ತಾನು ಕಂಡದ್ದನ್ನು ಹೇಳಬಹುದು, ಆದರೆ ಸಿಡಿಲಿನ ವಿಷಯದಲ್ಲಿ ಇಲಾಖೆಯ ಮಾತಿಗೆ ಅಡ್ಡ ನಿಲ್ಲಬಾರದು. ತನ್ನ ಓದು ಸರಿಯೋ ತಪ್ಪೋ ಎಂದು ನೋಡಲು ಅವನಿಗೆ ನೆಲದ ಲೆಕ್ಕವೇ ಬೇಕು. ಕರ್ನಾಟಕ ಇದರಲ್ಲಿ ಭಾಗ್ಯವಂತ ರಾಜ್ಯ: ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಇಂಚು, ಸೆಂಟುಗಳಲ್ಲಿ ಮಳೆ ಬರೆದಿಡುವ ಪುಸ್ತಕಗಳಿವೆ. ಹಿಂದಿನ ಸಂಜೆಯ ಚಿತ್ರಗಳನ್ನು ಉಳಿಸಿಕೊಂಡವರು ಬೆಳಿಗ್ಗೆ 8.30ರ ಅಳತೆಯನ್ನು ಅವುಗಳ ಪಕ್ಕದಲ್ಲಿಟ್ಟು, ಯಾವ ಕೆಂಪು ಮಚ್ಚೆ ಮಳೆ ಸುರಿಸಿತು, ಯಾವುದು ಬರೀ ಹರಡಿದ ಮೋಡವಾಗಿತ್ತು ಎಂದು ಗುರುತು ಹಾಕಿಕೊಳ್ಳುತ್ತಾರೆ.