ಸಣ್ಣ ಹುಡುಗರನ್ನ ಆಡಸಾಕ ಟ್ರೈನಿಂಗ್ ಯಾಕ? (ಭಾಗ 4)

ಬಿ.ಕಾಂ ಮುಗದ ಮ್ಯಾಲ ಏನು ಅಂತ ಕೇಳಿದ್ರ ನಮ್ಮ ಕ್ಲಾಸಿನಾಗ ಮೂರೇ ಉತ್ತರ: ಬ್ಯಾಂಕ್ ಕೋಚಿಂಗ್, ಟ್ಯಾಲಿ, ಇಲ್ಲಾ ಮದುವಿ. ನಾನು ಅಂಗನವಾಡಿ ಅಂದಾಗ ನೀವೆಲ್ಲಾ ನಕ್ಕಿದ್ರಿ. "ಹುಡುಗರಿಗೆ ಉಣಿಸಿ ಮಲಗಸಾಕ ಡಿಗ್ರಿ ಬೇಕೇನು?" ಅಂದ್ರಿ. ಉತ್ತರ ಸ್ವಲ್ಪ ಉದ್ದ ಐತಿ, ಅದಕ್ಕ ಇಲ್ಲಿ ಬರೀತೀನಿ.

ನಮ್ಮ ಚಿಗವ್ವ ನವಲಗುಂದ ತಾಲೂಕಿನ ಒಂದು ಊರಾಗ ಅಂಗನವಾಡಿ ಕಾರ್ಯಕರ್ತೆ. ಸೂಟಿ ಇದ್ದಾಗ ಹೋಗಿ ಕುಂತು ನೋಡೀನಿ. ಒಂದು ತಾಟಿನಾಗ ಕಡ್ಲಿ, ಹೆಸರು, ಗೋದಿ ಕೂಡಿಸಿ ಇಡ್ತಾಳ. ನಾಲ್ಕು ವರ್ಷದ ಹುಡುಗರು ಒಂದೊಂದ ಕಾಳು ಆರಿಸಿ ಬ್ಯಾರೆ ಬ್ಯಾರೆ ಹಾಕಬೇಕು. ನೋಡೋರಿಗೆ ಅದು ಟೈಂಪಾಸ್. ಆದ್ರ ಹಂಗ ವಿಂಗಡಿಸೋದು, ಹೆಚ್ಚು-ಕಡಿಮಿ ಗುರ್ತಿಸೋದೇ ಗಣಿತದ ಬುನಾದಿ. (ನಾವು ಜರ್ನಲ್‌ನಿಂದ ಲೆಡ್ಜರ್‌ಗೆ ಪೋಸ್ಟ್ ಮಾಡೋದೂ ಕಾಳು ಆರಿಸಿದಂಗ ಅಲ್ಲೇನು?) ಮಣ್ಣೆತ್ತಿನ ಅಮಾಸಿ ಬಂತಂದ್ರ ಎರಿಮಣ್ಣು ಕಲಸಿ ಎತ್ತು ಮಾಡಸ್ತಾಳ. ಬೆರಳು ಗಟ್ಟಿ ಆಗೋಮಟ ಪೆನ್ಸಿಲ್ ಹಿಡಿ ಅಂತ ಜುಲಮಿ ಮಾಡಬಾರದು ಅನ್ನೋದು ಆಕಿ ತರಬೇತಿಯೊಳಗ ಕಲತದ್ದು. ಓಣಿಯವರು ಮಾತ್ರ, "ಕಾನ್ವೆಂಟಿನ ಹುಡುಗ ಎಬಿಸಿಡಿ ಬರೀತಾನ, ನೀವು ಮಣ್ಣಾಗ ಆಡಸ್ತೀರಲ್ಲ ಟೀಚರ್" ಅಂತ ಮಾರಿ ಮ್ಯಾಲೇ ಅಂತಾರ.

ಆ ತರಬೇತಿ ಎಷ್ಟು ದಿನ ಗೊತ್ತೇನ್ರಿ? ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ಕ್ಕ ದೇಶದ 33 ಕಡೆ ಸುರು ಆತು, ನಮ್ಮ ರಾಜ್ಯದಾಗ ಟಿ. ನರಸೀಪುರದಾಗ. ಬಹಳ ವರ್ಷ ಕಾರ್ಯಕರ್ತೆಯರ ಮುಖ್ಯ ತರಬೇತಿ 26 ದಿನದ್ದು. ತೂಕ ನೋಡೋದು, ಚುಚ್ಚುಮದ್ದು, ಬಸರಿ-ಬಾಣಂತಿಯರ ಊಟ, ರಜಿಸ್ಟರ್ ಬರಿಯೋದು ಎಲ್ಲಾ ಅದರಾಗೇ ಮುಗೀಬೇಕು. ಮಕ್ಕಳಿಗೆ ಕಲಿಸೋದನ್ನ ಕಲಿಯಾಕ ಎಷ್ಟು ದಿನ ಉಳೀತಾವು, ನೀವೇ ಲೆಕ್ಕ ಹಾಕ್ರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಪಿಯುಸಿ ಆದ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮಿ ಓದಿದವರಿಗೆ 1 ವರ್ಷದ ಡಿಪ್ಲೊಮಾ ಕೊಡಸಬೇಕು ಅಂತು. 2023ರಾಗ ಕೇಂದ್ರ ಸರ್ಕಾರ 'ಪೋಷಣ್ ಭೀ ಪಢಾಯಿ ಭೀ' ಸುರು ಮಾಡಿತು. ಅದೂ ಕೆಲವೇ ದಿನದ ತರಬೇತಿ.

ರೊಕ್ಕದ ಮಾತು ಬಿಟ್ರ ನಾವು ಕಾಮರ್ಸಿನವರ ಅಲ್ಲ. ಇದಕ್ಕ ಸಂಬಳ ಅನ್ನಂಗಿಲ್ಲ, ಗೌರವಧನ ಅಂತಾರ. ಕೇಂದ್ರದ ಲೆಕ್ಕದಾಗ 2018ರ ಅಕ್ಟೋಬರಿನಿಂದ ತಿಂಗಳಿಗೆ 4,500 ರೂಪಾಯಿ, ಅದರ ಮ್ಯಾಲ ರಾಜ್ಯ ತನ್ನ ಪಾಲು ಕೂಡಸ್ತದ. 2022ರ ಏಪ್ರಿಲ್‌ನಾಗ ಸುಪ್ರೀಂ ಕೋರ್ಟ್ ಇವರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯ ಆಗ್ತದ ಅಂತು. ನಾವು ಪರೀಕ್ಷೆಕ್ಕ ಬಾಯಿಪಾಠ ಮಾಡಿದ 1972ರ ಕಾಯ್ದೆನೇ ಅದು.

ನನ್ನ ತೊಡಕು ಬ್ಯಾರೆ ಐತಿ. ಅಂಗನವಾಡಿಗೆ ಅರ್ಜಿ ಹಾಕಾಕಿ ಅದೇ ಊರಾಕಿ ಇರಬೇಕು. ನನಗೀಗ 20. ಇಲ್ಲಿ ನೌಕರಿ ಸಿಕ್ಕು, ನಾಳೆ ಕುಂದಗೋಳ ಕಡೆ ಕೊಟ್ರ ಬಿಟ್ಟ ಹೋಗಬೇಕು. "ಮದುವಿ ಆದ ಮ್ಯಾಲ ಗಂಡನ ಊರಾಗ ಹಾಕು" ಅಂತಾಳ ಅವ್ವ. ಅಲ್ಲಿ ಜಾಗಾ ಖಾಲಿ ಇರಬೇಕಲ್ಲ?

ಅದಕ್ಕ ಎರಡು ವರ್ಷದ ಡಿಪಿಎಸ್‌ಇ ಡಿಪ್ಲೊಮಾ ಮಾಡೋ ವಿಚಾರ ಐತಿ. ಆ ಕಾಗದ ಯಾವ ಊರಿಗೆ ಹೋದ್ರೂ ನನ್ನ ಜೋಡಿ ಬರ್ತದ, ಕರ್ನಾಟಕ ಪಬ್ಲಿಕ್ ಶಾಲೆಯೊಳಗೂ ಈಗ ಎಲ್‌ಕೆಜಿ-ಯುಕೆಜಿ ಅದಾವು. ಆದ್ರ ಒಂದು ಹುಷಾರ್: ಗೋಡಿ ಮ್ಯಾಲ 'ಎನ್‌ಟಿಟಿ, ನೌಕರಿ ಗ್ಯಾರಂಟಿ' ಅಂತ ಬರದದ್ದು ನೋಡಿ ಫೀ ಕಟ್ಟಬ್ಯಾಡ್ರಿ. ಎನ್‌ಸಿಟಿಇ ಮಾನ್ಯತೆ ಐತೇನು ಅಂತ ಮೊದಲ ಕೇಳ್ರಿ. ನಮ್ಮ ಓಣಿಯ ಅಕ್ಕ ಒಬ್ಬಾಕಿ ಕೇಳಲಿಲ್ಲ. ಆಕಿ ಸರ್ಟಿಫಿಕೇಟ್ ಈಗ ಟ್ರಂಕಿನಾಗ ಐತಿ.

ಪರೀಕ್ಷೆ ಮುಗದ ಕೂಡಲೇ ಒಂದು ತಿಂಗಳು ಚಿಗವ್ವನ ಕೇಂದ್ರದಾಗ ಇದ್ದು ಕಲೀತೀನಿ ಅಂತ ಅವ್ವಗ ಹೇಳೀನಿ. ಇನ್ನೂ ಹೂಂ ಅಂದಿಲ್ಲ. ನಿಮ್ಮ ಪೈಕಿ ಯಾರರೆ ಡಿಪಿಎಸ್‌ಇ ಮಾಡಿದವರಿದ್ರ ಫೀ ಎಷ್ಟು, ಹಾಸ್ಟೆಲ್ ಐತೇನು ಅಂತ ಕೆಳಗ ಬರೀರಿ. ಅವ್ವಗ ತೋರಸಬೇಕು.