ನಮ್ಮ ಮನ್ಯಾಗಿನ ಡೇಟಾ ಸೆಂಟರ್

ನಮ್ಮೂರು ಮಲ್ಲಸಮುದ್ರದಾಗ 'ಸರ್ವರ್' ಅನ್ನೋ ಪದ ಗೊತ್ತಿಲ್ಲದವರು ಕಡಿಮೆ. ಆದ್ರೆ ಎಲ್ಲರೂ ಅದನ್ನ ಕೇಳಿರೋದು ಅದು ಇಲ್ಲದಿದ್ದಾಗ ಮಾತ್ರ. "ಇವತ್ತ ಸರ್ವರ್ ಇಲ್ಲ, ನಾಳೆ ಬರ್ರಿ" ಅಂದ್ರೆ ಉಳ್ಳಾಗಡ್ಡಿ ಹೊಲದ ಕೆಲಸ ಬಿಟ್ಟು ಬಂದವರು ಸುಮ್ಮನೆ ತಿರುಗಿ ಹೋಗ್ತಾರೆ, ಮಳೆ ಬರಲಿಲ್ಲ ಅನ್ನೋ ಹಾಗೆ.

ಕಂಪ್ಯೂಟರ್ ಸೈನ್ಸ್ ಓದೋ ನಮ್ಮ ಸ್ಥಿತಿ ಏನು ಬೇರೆ ಇರಲಿಲ್ಲ. ಕ್ಲೌಡ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೀಬಲ್ಲೆವು, ಸರ್ವರ್ ಮಾತ್ರ ಮುಟ್ಟಿ ನೋಡಿರಲಿಲ್ಲ. ಲ್ಯಾಬಿನ ಪಿಸಿಗಳನ್ನ ಅಳಿಸಿ ಬರೆಯೋ ಹಾಗಿಲ್ಲ. ಕ್ಲೌಡ್ ಅಕೌಂಟ್ ತೆರೀಲಿಕ್ಕೆ ಹೋದ್ರೆ ಮೊದಲು ಕಾರ್ಡ್ ನಂಬರ್ ಕೇಳ್ತದೆ. ನಮ್ಮ ಮನೆಯಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲ. ಇದ್ದರೂ, ಆಫ್ ಮಾಡದೆ ಬಿಟ್ಟ ಮಷೀನಿಗೆ ತಿಂಗಳ ಕೊನೆಗೆ ಬಿಲ್ ಬಂದ್ರೆ ಅಪ್ಪನಿಗೆ ಏನು ಹೇಳೋದು? ಇಂಟರ್‌ವ್ಯೂನಲ್ಲಿ ಮಾತ್ರ "ಸರ್ವರ್ ಪ್ರೊವಿಶನಿಂಗ್ ಮಾಡಿದ್ದೀರಾ?" ಅಂತ ಕೇಳೇ ಕೇಳ್ತಾರೆ.

ಹಾಗಾಗಿ ನಾವು ಮೂವರು ಗೆಳೆಯರು ಕೂಡಿ ಒಂದು ನಿರ್ಧಾರ ಮಾಡಿದ್ವಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದ್ರು, ನಾವು ರ‍್ಯಾಮ್ ಕೂಡಿಸಲಿಕ್ಕೆ ಆಗೋದಿಲ್ಲೇನು? ನಮ್ಮ ಮನೆಯ ಹಳೆ ಡೆಸ್ಕ್‌ಟಾಪಿನಲ್ಲಿ 8 ಜಿಬಿ ಇತ್ತು. ಇಬ್ಬರೂ ತಲಾ 8 ಜಿಬಿ ತಂದು ಹಾಕಿದ್ರು. ಒಟ್ಟು 24. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ, ಉಬುಂಟು ಹಾಕಿ, ಅದರ ಮೇಲೆ ಕೆವಿಎಂ ಹೂಡಿದ್ವಿ. ಕೆವಿಎಂ 2007ರಿಂದಲೇ ಲಿನಕ್ಸ್ ಕರ್ನಲ್ಲಿನ ಭಾಗ, ಒಂದು ರೂಪಾಯಿ ಖರ್ಚಿಲ್ಲ. ನಾಲ್ಕು ವರ್ಚುವಲ್ ಮಷೀನು, ತಲಾ 4 ಜಿಬಿ. ಒಂದರಲ್ಲಿ ಮಾಸ್, ಉಳಿದ ಮೂರು ಖಾಲಿ ಡಿಸ್ಕಿನ ಸರ್ವರ್‌ಗಳು.

ಆಯಿ ಬಂದು ಇಣುಕಿ ನೋಡಿದಳು. "ತಮ್ಮಾ, ಒಂದ ಡಬ್ಬ್ಯಾಗ ನಾಕ ಕಂಪ್ಯೂಟರ್ ಹೆಂಗ ಕುಂತಾವೋ?"

"ಆಯಿ, ನಿಮ್ಮ ಕಾಲದಾಗ ಒಂದ ಮನ್ಯಾಗ ನಾಕ ಒಲಿ ಇದ್ದಿದ್ದಿಲ್ಲೇನ? ಹಂಗ."

"ಹಂಗಾರ ಜಗಳಾನೂ ಆಗತಾವ ಬಿಡು" ಅಂದು ಹೋದಳು. ಆಯಿಯ ಮಾತು ಎಷ್ಟು ಖರೆ ಅಂತ ಮುಂದೆ ಹೇಳ್ತೀನಿ.

ಮಾಸ್ ಅಂದ್ರೆ 'ಮೆಟಲ್ ಆ್ಯಸ್ ಎ ಸರ್ವಿಸ್'. ಕ್ಯಾನೋನಿಕಲ್ ಕಂಪನಿ 2012ರಲ್ಲಿ ಉಬುಂಟು 12.04ರ ಜೊತೆ ತಂದ ಟೂಲ್ ಇದು. ಪೆನ್‌ಡ್ರೈವ್ ಹಿಡಿದು ಒಂದೊಂದೇ ಸರ್ವರಿಗೆ ಓಎಸ್ ಹಾಕೋ ಬದಲು, ನೆಟ್‌ವರ್ಕಿನ ಮೂಲಕ ಎಲ್ಲಕ್ಕೂ ಹಾಕಿಕೊಡ್ತದೆ. ನಿಜವಾದ ಕಬ್ಬಿಣದ ಸರ್ವರ್‌ಗಳಿಗಾಗಿ ಮಾಡಿದ್ದು, ಆದ್ರೆ ವರ್ಚುವಲ್ ಮಷೀನನ್ನೂ ಒಪ್ಪಿಕೊಳ್ತದೆ. ಒಪ್ಪಿಸಬೇಕಾದ್ರೆ ಮಾಸ್‌ಗೆ ಮೂರು ಪ್ರಶ್ನೆಗೆ ಉತ್ತರ ಸಿಗಬೇಕು: ನೀನು ಯಾರು? ನಿನ್ನ ಹತ್ರ ಬರೋ ದಾರಿ ಯಾವುದು? ನಿನ್ನ ಸ್ವಿಚ್ ಎಲ್ಲಿದೆ?

ಮೊದಲನೇದು ಸುಲಭ. ಪ್ರತಿ ಮಷೀನಿನ ನೆಟ್‌ವರ್ಕ್ ಕಾರ್ಡಿಗೆ ಒಂದು ಮ್ಯಾಕ್ ಅಡ್ರೆಸ್ ಇರ್ತದೆ, ಅದೇ ಅದರ ಯುಎಸ್‌ಎನ್. ಕೆವಿಎಂ ಮಷೀನುಗಳದ್ದು ಸಾಮಾನ್ಯವಾಗಿ 52:54:00 ಅಂತ ಶುರುವಾಗ್ತದೆ.

ಎರಡನೇದರಲ್ಲೇ ಆಯಿ ಹೇಳಿದ ಜಗಳ. ಮಷೀನಿನ ಬೂಟ್ ಆರ್ಡರಿನಲ್ಲಿ ನೆಟ್‌ವರ್ಕನ್ನ ಮೊದಲು ಇಡಬೇಕು. ಆಗ ಅದು ಎದ್ದ ಕೂಡಲೇ "ನನಗೊಂದು ಐಪಿ ಕೊಡ್ರಪ್ಪೋ" ಅಂತ ಕೂಗ್ತದೆ. ಡಿಎಚ್‌ಸಿಪಿ ಐಪಿ ಕೊಟ್ಟು, ಬೂಟ್ ಫೈಲ್ ಎಲ್ಲಿದೆ ಅಂತಾನೂ ಹೇಳಬೇಕು. ಆದ್ರೆ ಕೆವಿಎಂ ಜೊತೆ ಬರೋ 192.168.122 ಸರಣಿಯ ಡಿಫಾಲ್ಟ್ ನೆಟ್‌ವರ್ಕಿನಲ್ಲಿ ಆಗಲೇ ಒಂದು ಡಿಎಚ್‌ಸಿಪಿ ಕುಳಿತಿರ್ತದೆ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಕಂಡಕ್ಟರು ಒಬ್ಬನೇ ಪ್ರಯಾಣಿಕನ ಚೀಲ ಎಳೆದ ಹಾಗೆ. ಮಾಸ್ ಅಲ್ಲದ್ದು ಮೊದಲು ಉತ್ತರ ಕೊಟ್ರೆ ಮಷೀನಿಗೆ ಐಪಿ ಸಿಗ್ತದೆ, ಬೂಟ್ ಆಗೋ ದಾರಿ ಸಿಗೋದಿಲ್ಲ. ಅದಕ್ಕೇ ನಾವು ಡಿಎಚ್‌ಸಿಪಿ ಇಲ್ಲದ ಬೇರೆ ನೆಟ್‌ವರ್ಕ್ ಮಾಡಿ, ಅಲ್ಲಿ ಮಾಸ್ ಒಂದಕ್ಕೇ ಮಾತಾಡಲಿಕ್ಕೆ ಬಿಟ್ವಿ.

ನನಗೆ ಬಹಳ ಹಿಡಿಸಿದ್ದು ಮೂರನೇ ಪ್ರಶ್ನೆ. ಡೇಟಾ ಸೆಂಟರಿನ ಸರ್ವರ್ ಒಳಗೆ ಬಿಎಂಸಿ ಅಂತ ಇನ್ನೊಂದು ಪುಟ್ಟ ಕಂಪ್ಯೂಟರ್ ಇರ್ತದೆ. ಸರ್ವರ್ ಮಲಗಿದ್ರೂ ಅದು ಎಚ್ಚರ ಇರ್ತದೆ, ದೂರದಿಂದ ಹೇಳಿದ್ರೆ ಸರ್ವರನ್ನ ಎಬ್ಬಿಸ್ತದೆ. ವರ್ಚುವಲ್ ಮಷೀನಿಗೆ ಅಂಥ ಕಾವಲುಗಾರ ಇಲ್ಲ, ಅದರ ಸ್ವಿಚ್ ಇರೋದು ಡೆಸ್ಕ್‌ಟಾಪಿನ ಕೈಯಲ್ಲಿ. ಮಾಸ್‌ನಲ್ಲಿ ಪವರ್ ಟೈಪ್ 'ವಿರ್ಶ್' ಅಂತ ಆರಿಸಿ, ಡೆಸ್ಕ್‌ಟಾಪಿನ ವಿಳಾಸ, ಮಷೀನಿನ ಹೆಸರು ಕೊಡಬೇಕು. ಪಾಸ್‌ವರ್ಡ್ ಕೇಳದ ಹಾಗೆ ಮಾಸ್‌ನ ಎಸ್‌ಎಸ್‌ಎಚ್ ಕೀಯನ್ನ ಡೆಸ್ಕ್‌ಟಾಪಿಗೆ ಕೊಟ್ಟಿಡಬೇಕು. ಇಷ್ಟಾದ್ರೆ ಮಾಸ್ ಪಾಲಿಗೆ ಅದೂ ಒಂದು ಸರ್ವರೇ.

ಮೂರೂ ಮಷೀನು ಆನ್ ಮಾಡಿದ್ವಿ. ಪ್ರತಿಯೊಂದೂ ನೆಟ್‌ವರ್ಕಿನಿಂದ ಪುಟ್ಟ ಉಬುಂಟು ಎಳೆದುಕೊಂಡು, ಅದನ್ನ ರ‍್ಯಾಮಿನಲ್ಲೇ ಓಡಿಸಿ, ತನ್ನ ಜಾತಕ ಒಪ್ಪಿಸಿ ತಾನೇ ಮಲಗಿತು. ಪಟ್ಟಿಯಲ್ಲಿ 'ನ್ಯೂ' ಅಂತ ಮೂರು ಸಾಲು. ಪವರ್ ವಿವರ ತುಂಬಿ 'ಕಮಿಶನ್' ಒತ್ತಿದ್ವಿ. ನಾವು ಯಾರೂ ಮುಟ್ಟಲಿಲ್ಲ, ಮೂರೂ ಎದ್ದವು. ಸ್ವಲ್ಪ ಹೊತ್ತಿಗೆ 'ರೆಡಿ'. ಮೂವರೂ ಒಮ್ಮೆಲೇ ಕೂಗಿದ್ದಕ್ಕೆ ಅಪ್ಪ ಒಳಗಿಂದ, "ಏನರ್ಲೇ ಅದು, ಮ್ಯಾಚ್ ಗೆದ್ದರೇನು?" ಅಂದ್ರು.

'ಡಿಪ್ಲಾಯ್' ಒತ್ತಿ, ಡಿಸ್ಕಿಗೆ ಓಎಸ್ ಬರೀತಿರುವಾಗ ಕರೆಂಟ್ ಹೋಯ್ತು. ಕಪ್ಪತಗುಡ್ಡದ ಮೇಲೆ ಅಷ್ಟು ಗಾಳಿ ಫ್ಯಾನು ತಿರುಗ್ತಾವೆ, ನಮ್ಮ ಮನೆಗೆ ಮಾತ್ರ ಕತ್ತಲು! ಗೆಳೆಯನ ಮುಖ ಸಪ್ಪಗಾಯ್ತು. ಒಂದು ತಾಸಿನ ಮೇಲೆ ಕರೆಂಟ್ ಬಂತು. ಅರ್ಧ ಬರೆದ ಮಷೀನುಗಳನ್ನ ರಿಪೇರಿ ಮಾಡೋ ಗೋಜಿಗೇ ಹೋಗಲಿಲ್ಲ. 'ರಿಲೀಸ್' ಮಾಡಿ ಮತ್ತೆ 'ಡಿಪ್ಲಾಯ್' ಒತ್ತಿದ್ವಿ. ಇಮೇಜ್ ಮೊದಲೇ ಮಾಸ್‌ನಲ್ಲಿ ಇಳಿಸಿ ಇಟ್ಟಿದ್ರಿಂದ ಮೊಬೈಲ್ ಡೇಟಾ ಸಹ ಮತ್ತೆ ಖರ್ಚಾಗಲಿಲ್ಲ. ಮೂರೂ ಸರ್ವರ್ ಅಂದೇ ರಾತ್ರಿ ಲಾಗಿನ್ ಕೊಟ್ಟವು.

ಪುಸ್ತಕ ಹೇಳದ ಪಾಠ ನನಗೆ ಸಿಕ್ಕಿದ್ದು ಆ ಕತ್ತಲಿನಲ್ಲಿ. ಸರ್ವರ್ ಬೀಳೋದನ್ನ ತಪ್ಪಿಸಲಿಕ್ಕೆ ಆಗೋದಿಲ್ಲ. ಬಿದ್ದದ್ದನ್ನ ಎಷ್ಟು ಬೇಗ, ಎಷ್ಟು ಸಲ ಬೇಕಾದ್ರೂ ಮೊದಲಿನ ಹಾಗೇ ಕಟ್ಟಬಲ್ಲೆ ಅನ್ನೋದೇ ಈ ಕಸುಬು. ಇದನ್ನ ಕಲೀಲಿಕ್ಕೆ ಬೆಂಗಳೂರಿನ ಕೋರ್ಸ್ ಬೇಕಿಲ್ಲ, ಕಾರ್ಡೂ ಬೇಕಿಲ್ಲ. ಆದ್ರೆ ಒಬ್ಬನಿಂದಲೂ ಆಗೋದಿಲ್ಲ. ನನ್ನ 8 ಜಿಬಿಯಲ್ಲಿ ಮಾಸ್ ಏಳ್ತಿತ್ತೇ ಹೊರತು ಅದರ ಮುಂದೆ ನಿಲ್ಲಲಿಕ್ಕೆ ಮೂರು ಮಷೀನಿಗೆ ಜಾಗ ಇರ್ತಿರಲಿಲ್ಲ.

ಇನ್ನು ಒಂದು ಮಾತು, ಮೂರನೇ ವರ್ಷದವರಿಗೆ. ಪರೀಕ್ಷೆ ಮುಗಿದ ಮೇಲೆ ಗೆಳೆಯರು ತಮ್ಮ ತಮ್ಮ ರ‍್ಯಾಮ್ ಬಿಚ್ಚಿಕೊಂಡು ಹೋಗ್ತಾರೆ. ಅಲ್ಲಿವರೆಗೆ ಭಾನುವಾರ ನಮ್ಮ ಮನೆ ಬಾಗಿಲು ತೆರೆದೇ ಇರ್ತದೆ. ಮುಳಗುಂದ ರಸ್ತೆ ಹಿಡಿದು ಬರ್ರಿ. ನಿಮ್ಮ ಹತ್ರ ಬಳಸದ 8 ಜಿಬಿ ಇದ್ರೆ ಜೇಬಿನಲ್ಲಿ ಹಾಕ್ಕೊಂಡು ಬರ್ರಿ, ಇಲ್ಲದಿದ್ರೂ ಬರ್ರಿ. ರೊಟ್ಟಿ ಆಯಿ ಮಾಡ್ತಾಳೆ.