ಮುಖ ಯಾರಿಗೆ ಕಾಣಬೇಕು

ಎಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ನಮ್ಮ ಪತ್ರಿಕಾ ಕಚೇರಿಗೆ ಹೆಣದ ಫೋಟೊಗಳು ಎರಡು ದಾರಿಯಿಂದ ಬರುತ್ತಿದ್ದವು. ಒಂದು, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿದ ಲಕೋಟೆ. ಅದರಲ್ಲಿ ಗಲಭೆ, ನೆರೆ, ರೈಲು ಅಪಘಾತ. ಇನ್ನೊಂದು, ರೈಲ್ವೆ ಪೊಲೀಸ್ ಠಾಣೆಯ ಪೇದೆ ತಂದುಕೊಡುವ ಪುಟ್ಟ ಚಿತ್ರ. ಹಳಿಯ ಮೇಲೋ ಪ್ಲಾಟ್‌ಫಾರ್ಮಿನ ತುದಿಯಲ್ಲೋ ಸಿಕ್ಕ ಅಪರಿಚಿತನದು. ವಯಸ್ಸು ಸುಮಾರು ಐವತ್ತು, ಗೋಧಿ ಮೈಬಣ್ಣ, ಕೋಲು ಮುಖ, ಬಲಗೈ ಮೇಲೆ ಹಚ್ಚೆ, ವಾರಸುದಾರರು ಠಾಣೆಯನ್ನು ಸಂಪರ್ಕಿಸಬೇಕು. ಉಪಸಂಪಾದಕನಾಗಿ ಸೇರಿದ ಹೊಸದರಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಈ ಎರಡನೆಯ ಬಗೆಯವು. ಒಳಪುಟದ ಕೆಳಗೆ ಒಂದು ಅಂಕಣದಗಲದಲ್ಲಿ ಹಾಕಿದರೆ ಮುಗಿಯಿತು.

ಆ ಚಿತ್ರಗಳನ್ನು ತೆಗೆಯುತ್ತಿದ್ದವನು ಪೇಟೆಯ ಒಬ್ಬ ಸ್ಟುಡಿಯೋದವ. ಮದುವೆ ಫೋಟೊ ಅವನ ಕಸುಬು. ಪೊಲೀಸರು ಕರೆದಾಗ ಇದು. ಒಮ್ಮೆ ಶವಾಗಾರದಲ್ಲಿ ಅವನ ಕೆಲಸ ನೋಡಿದೆ. ಒದ್ದೆ ಬಟ್ಟೆಯಿಂದ ಸತ್ತವನ ಮುಖ ಒರೆಸಿದ. ತಲೆಯ ಕೆಳಗೆ ಇಟ್ಟಿಗೆ ಇಟ್ಟು ಗದ್ದ ಎತ್ತರಿಸಿದ. ಜೇಬಿನಿಂದ ಬಾಚಣಿಗೆ ತೆಗೆದು ಕೂದಲು ಬಾಚಿದ, ಬೈತಲೆ ಯಾವ ಕಡೆಗಿತ್ತೆಂದು ಬಗ್ಗಿ ನೋಡಿಯೇ ಬಾಚಿದ. ಕಿವಿಯ ಹಿಂದಿನ ಸೀಳನ್ನು ಬಟ್ಟೆಯಿಂದ ಮುಚ್ಚಿದ. ಇಷ್ಟೆಲ್ಲ ಯಾಕೆ ಎಂದು ಕೇಳಿದೆ. “ಮನಿ ಮಂದಿಗೆ ಗುರ್ತು ಸಿಗಬೇಕಂದ್ರ ಮಾರಿ ಕಾಣಬೇಕ್ರಿ ಸರ. ಗಾಯ ತಗೊಂಡು ಅವರೇನ್ ಮಾಡ್ತಾರ?” ಎಂದ. ಪತ್ರಿಕೋದ್ಯಮದಲ್ಲಿ ನಾನು ಕೇಳಿದ ಯಾವ ಉಪನ್ಯಾಸಕ್ಕಿಂತಲೂ ಈ ಮಾತು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಸೋರಿ ಊರನ್ನು ಕವಿಯಿತು. ಕೆಲವು ದಿನಗಳಲ್ಲಿ ಲಕೋಟೆ ಬಂತು. ಸಾಲಾಗಿ ಮಲಗಿಸಿದ ಹೆಣಗಳು, ಹಣೆಗೆ ಅಂಟಿಸಿದ ಚೀಟಿಗಳು. ಹಿರಿಯ ಸಹೋದ್ಯೋಗಿಯೊಬ್ಬರು ಬೇಡ ಅಂದರು, ಬೆಳಗ್ಗೆ ಚಹಾ ಕುಡಿಯುತ್ತ ಪೇಪರ್ ಬಿಡಿಸುವವರಿಗೆ ಇದನ್ನು ತೋರಿಸುವುದು ಸರಿಯಲ್ಲ ಎಂದು. ಸಂಪಾದಕರು ಮೊದಲ ಪುಟಕ್ಕೇ ಹಾಕಿದರು. ಅದು ಬರೀ ಕಣ್ಣುರಿಸುವ ಅನಿಲ ಎಂದು ಕಂಪನಿಯ ಕಡೆಯವರು ಹೇಳುತ್ತಿದ್ದ ದಿನಗಳವು. ಹೆಣ ಕಾಣದಿದ್ದರೆ ಆ ಮಾತೇ ಉಳಿಯುತ್ತಿತ್ತು. ಸಂಪಾದಕರು ಮಾಡಿದ್ದು ಸರಿ ಎಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಭೋಪಾಲ್ ಎಂದ ಕೂಡಲೇ ಜಗತ್ತಿಗೆ ನೆನಪಾಗುವ ಚಿತ್ರವನ್ನು ನಾನು ನೋಡಿದ್ದು ಅದಾದ ಮೇಲೆ. ಮಣ್ಣಿನಲ್ಲಿ ಅರ್ಧ ಹೂತ ಮಗು, ತೆರೆದೇ ಇರುವ ಬೆಳ್ಳಗಾದ ಕಣ್ಣು, ಹೂಳುತ್ತಿರುವವನ ಕೈ. ಅದೇ ಮಗುವನ್ನು ರಘು ರಾಯ್ ಕಪ್ಪು ಬಿಳುಪಿನಲ್ಲಿ ತೆಗೆದರು, ಪಾಬ್ಲೊ ಬಾರ್ಥಲೋಮ್ಯು ಬಣ್ಣದಲ್ಲಿ. ಬಣ್ಣದ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೊದ ವರ್ಷದ ಅತ್ಯುತ್ತಮ ಚಿತ್ರದ ಮನ್ನಣೆ ಬಂತು. ಮಗು ಯಾರದೆಂದು ಇಂದಿಗೂ ಗೊತ್ತಾಗಿಲ್ಲ. ಆ ಚಿತ್ರವನ್ನು ಬದುಕುಳಿದವರೇ ಎತ್ತಿಕೊಂಡರು, ಪೋಸ್ಟರ್ ಮಾಡಿ ವರ್ಷಗಟ್ಟಲೆ ಬೀದಿಯಲ್ಲಿ ಹಿಡಿದರು. ಸರ್ಕಾರದ ಮೊದಲ ಲೆಕ್ಕದಲ್ಲಿ ಸತ್ತವರು 2,259. ಆಮೇಲೆ ಅದೇ 3,787 ಆಯಿತು. ಸಂತ್ರಸ್ತರ ಸಂಘಟನೆಗಳ ಪ್ರಕಾರ ಇದಕ್ಕಿಂತ ಎಷ್ಟೋ ಹೆಚ್ಚು. ಲೆಕ್ಕವೇ ಜಗಳದಲ್ಲಿರುವಾಗ ಆ ಮಗುವಿನ ಚಿತ್ರ ಸಾಕ್ಷಿ ಹೇಳುತ್ತಿತ್ತು.

ಅದೇ ಊರಿನಲ್ಲಿ, ಅದೇ ವಾರ, ಇನ್ನೊಂದು ಬಗೆಯ ಫೋಟೊಗಳೂ ಇದ್ದವು. ಹಮೀದಿಯಾ ಆಸ್ಪತ್ರೆಯಲ್ಲಿ ಗುರುತು ಸಿಗದ ಹೆಣಗಳಿಗೆ ನಂಬರು ಹಾಕಿ ಮುಖದ ಚಿತ್ರ ತೆಗೆಸಿದರು. ಮನೆಯವರನ್ನು ಕಳೆದುಕೊಂಡವರು ಆ ಚಿತ್ರಗಳಲ್ಲಿ ತಮ್ಮವರನ್ನು ಹುಡುಕಿದರು. ಅವುಗಳಿಗೆ ಯಾವ ಬಹುಮಾನವೂ ಇಲ್ಲ. ನಮ್ಮ ಸ್ಟುಡಿಯೋದವ ಮಾಡುತ್ತಿದ್ದದ್ದೂ ಅದನ್ನೇ.

ಇವೆರಡಕ್ಕೂ ಸೇರದ ಚಿತ್ರಗಳೂ ಇವೆ, ಅವು ಹಳೆಯವೇ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ತಿಂದ ಬರವನ್ನು ಮೈಸೂರಿನವರು ಧಾತು ಈಶ್ವರದ ಬರ ಎನ್ನುತ್ತಿದ್ದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಯೂ ಜನ ಹುಳುವಿನಂತೆ ಸತ್ತರು. ಮದ್ರಾಸ್ ಸೇನೆಯ ಅಧಿಕಾರಿ ವಿಲೋಬಿ ಹೂಪರ್ ಹಸಿದವರನ್ನು ಗುಂಪಾಗಿ ಕೂರಿಸಿ, ನಿಲ್ಲಿಸಿ, ಪಕ್ಕೆಲುಬು ಕಾಣುವಂತೆ ಚಿತ್ರ ತೆಗೆದ. ತೆಗೆದಾದ ಮೇಲೆ ಅವರಿಗೆ ಒಂದು ತುತ್ತೂ ಕೊಡದೆ ಕಳಿಸಿದ ಎಂಬ ಟೀಕೆ ಆ ಕಾಲದಲ್ಲೇ ಎದ್ದಿತು. ಅದೇ ಹೂಪರ್ 1886ರಲ್ಲಿ ಬರ್ಮಾದ ಮಾಂಡಲೆಯಲ್ಲಿದ್ದ. ಕೈದಿಗಳನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುವಾಗ, ಕ್ಯಾಮೆರಾ ಸಜ್ಜಾಗುವ ತನಕ ಆಜ್ಞೆಯನ್ನು ತಡೆದ ಎಂಬ ಆರೋಪ ಬಂತು. ಲಂಡನ್ನಿನ ‘ಟೈಮ್ಸ್’ ಬರೆಯಿತು, ವಿಚಾರಣೆಯೂ ನಡೆಯಿತು. ಅವನ ಬರದ ಚಿತ್ರಗಳನ್ನು ಇವತ್ತಿಗೂ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಬಳಸುತ್ತೇವೆ. ಬರ ಎಂಥದಿತ್ತು ಎಂಬುದಕ್ಕೆ ಅವು ಪುರಾವೆ, ನಿಜ. ಆದರೆ ತೆಗೆದವನ ಹೆಸರು ಉಳಿದಿದೆ, ಕೂತವರಲ್ಲಿ ಒಬ್ಬರ ಹೆಸರೂ ಇಲ್ಲ. ಚಿತ್ರದ ಕೆಳಗೆ ಅಷ್ಟನ್ನಾದರೂ ಬರೆಯಬೇಕು ಎಂಬುದು ನನ್ನ ಹಟ.

ಸತ್ತವರು ಬೇಡ ಎನ್ನಲಾರರು. ಬದುಕಿರುವವರು ಎನ್ನಬಲ್ಲರು. 2002ರ ಗಲಭೆಯಲ್ಲಿ ಅಹಮದಾಬಾದಿನಲ್ಲಿ ಕೈಮುಗಿದು ಜೀವ ಬೇಡುತ್ತಿದ್ದ ಕುತುಬುದ್ದೀನ್ ಅನ್ಸಾರಿಯ ಚಿತ್ರವನ್ನು ರಾಯಿಟರ್ಸ್‌ನ ಅರ್ಕೊ ದತ್ತ ತೆಗೆದರು. ಗಲಭೆಯ ಭೀಕರತೆ ದೇಶಕ್ಕೆ ಕಂಡದ್ದು ಆ ಮುಖದಲ್ಲಿ. ಆದರೆ ಆ ಮನುಷ್ಯ ದರ್ಜಿ, ನಾಳೆಯೂ ಹೊಲಿಗೆ ಮಷಿನ್ ಮುಂದೆ ಕೂರಬೇಕಾದವರು. ಹೋದಲ್ಲೆಲ್ಲ ಜನ ಗುರುತಿಸಿದರು, ಕೆಲಸ ಹೋಯಿತು, ಕೆಲಕಾಲ ಕೋಲ್ಕತ್ತಕ್ಕೆ ಹೋಗಿ ಇರಬೇಕಾಯಿತು. ಚುನಾವಣೆ ಬಂದಾಗ ಪಕ್ಷಗಳು ಆ ಚಿತ್ರವನ್ನು ಪೋಸ್ಟರಿಗೆ ಹಾಕಿದವು. ದಯವಿಟ್ಟು ಬಳಸಬೇಡಿ ಎಂದು ಅವರು ಬಹಿರಂಗವಾಗಿ ಕೇಳಿಕೊಂಡರು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಎಂಬತ್ತರ ದಶಕದ ನಮ್ಮ ಕಚೇರಿಯಲ್ಲಿ ಒಂದು ಚಿತ್ರವನ್ನು ಹಾಕುವುದೋ ಬಿಡುವುದೋ ಎಂದು ಮೇಜಿನ ಸುತ್ತ ಮೂರು ಜನ ಜಗಳವಾಡುತ್ತಿದ್ದೆವು. ಕಾನೂನಿನ ಭಯವೂ ಇತ್ತು. ಅತ್ಯಾಚಾರಕ್ಕೆ ಒಳಗಾದ ಹೆಂಗಸಿನ ಗುರುತು ಅಚ್ಚುಹಾಕುವುದು 1983ರಿಂದಲೇ ಅಪರಾಧ. ಇಂದು ಆ ಮೇಜು ಇಲ್ಲ. 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಹುಡುಗ ರಸ್ತೆಯಲ್ಲಿ ರಕ್ತ ಸುರಿಸುತ್ತ ನೆರವು ಕೇಳುತ್ತಿದ್ದರೆ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಹುಡುಗ ಉಳಿಯಲಿಲ್ಲ. ಸುದ್ದಿಚಿತ್ರ ತೆಗೆಯುವವನಿಗೆ ತೆಗೆಯುವುದೇ ಕೆಲಸ ಎಂಬ ಸಮರ್ಥನೆಯಾದರೂ ಇದೆ. ಅಲ್ಲಿ ನಿಂತವರಿಗೆ ಯಾವ ಕೆಲಸವಿತ್ತು? ಅದೇ ಫೋನಿನಲ್ಲಿ ಆಂಬುಲೆನ್ಸಿನ ನಂಬರೂ ಇತ್ತು.

2024ರ ಏಪ್ರಿಲ್‌ನಲ್ಲಿ, ಮತದಾನಕ್ಕೆ ಕೆಲವೇ ದಿನ ಇರುವಾಗ, ಹಾಸನದಲ್ಲಿ ಜನ ಓಡಾಡುವ ಜಾಗಗಳಲ್ಲೇ ಪೆನ್‌ಡ್ರೈವ್‌ಗಳು ಬಿದ್ದಿದ್ದವು. ಅವುಗಳಲ್ಲಿದ್ದದ್ದು ಹೆಂಗಸರ ಮೇಲಿನ ದೌರ್ಜನ್ಯದ ವಿಡಿಯೊಗಳು, ಮುಖ ಮಸುಕು ಮಾಡದೆ. ದೌರ್ಜನ್ಯ ಎಸಗಿದವನ ವಿರುದ್ಧ ಸಾಕ್ಷಿಯಾಗಿ ಪೊಲೀಸರ ಕೈಯಲ್ಲಷ್ಟೇ ಇರಬೇಕಾದದ್ದು ಊರೂರಿನ ಫೋನುಗಳನ್ನು ಸೇರಿತು. ಮನೆಗೆ ಬೀಗ ಹಾಕಿ ಊರು ಬಿಟ್ಟವರು ಆ ಹೆಂಗಸರು. ವಿಡಿಯೊ ಹಂಚುವುದು ಅಪರಾಧ ಎಂದು ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಸುವಷ್ಟರಲ್ಲಿ ಕಾಲ ಮಿಂಚಿತ್ತು.

ನಮ್ಮ ಮನೆಗೂ ಆ ವಿಡಿಯೊ ಬಂದಿತ್ತು. ಅಣ್ಣನ ಮಗನಿಗೆ ಯಾರೋ ಕಳಿಸಿದ್ದರು. ಅಳಿಸು ಎಂದೆ. “ಕಾಕಾ, ಭೋಪಾಲದ ಹೆಣ ನಿಮ್ಮ ಪೇಪರ್‌ದಾಗ ಮೊದಲ ಪುಟದಾಗ ಬಂದಿತ್ತು ಅಂತೀರಿ. ನಾ ನೋಡಿದ್ರ ಮಾತ್ರ ತಪ್ಪೇನು?” ಎಂದ. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ.

ಸ್ಟುಡಿಯೋದವನ ಮಾತು ಇಲ್ಲಿ ನೇರವಾಗಿ ಹೊಂದುವುದಿಲ್ಲ, ಇಲ್ಲಿ ಮುಖ ಕಂಡದ್ದೇ ಅನಾಹುತ. ಅವನು ಮುಖ ಒರೆಸಿದ್ದು ಹುಡುಕಿಕೊಂಡು ಬರುವವರಿಗಾಗಿ. ಈ ಹೆಂಗಸರನ್ನು ಹುಡುಕಿಕೊಂಡು ಬರುತ್ತಿದ್ದವರು ಯಾರು? ಹುಡುಗನಿಗೆ ಅದನ್ನೇ ಹೇಳಿದೆ. ಭೋಪಾಲಿನಲ್ಲಿ ಸತ್ತವರ ಕಡೆಯವರು ನೋಡಿ ಎಂದು ಚಿತ್ರ ಹಿಡಿದು ನಿಂತಿದ್ದರು. ಇಲ್ಲಿ ಚಿತ್ರದಲ್ಲಿರುವವಳೇ ನೋಡಬೇಡಿ ಎನ್ನುತ್ತಿದ್ದಾಳೆ. ಅವಳು ನಾಳೆ ಸಂತೆಗೆ ಬರಬೇಕು, ಅಲ್ಲಿ ನಿನ್ನಂಥವರು ನೂರು ಜನ ಇರುತ್ತಾರೆ. ಅಪರಾಧ ಆದದ್ದು ನಂಬಲು ನಿನಗೆ ಆ ವಿಡಿಯೊ ಬೇಕಿಲ್ಲ, ಅದು ಬೇಕಿರುವುದು ನ್ಯಾಯಾಲಯಕ್ಕೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಳಿಸಿದ. ಕಳಿಸಿದವನಿಗೂ ಅಳಿಸಲು ಹೇಳು ಎಂದೆ. ಅದಕ್ಕೆ ಹಿಂಜರಿದ, ಆ ಕಡೆಯವನು ಅವನ ಆಫೀಸಿನ ಹಿರಿಯ. ಕಡೆಗೆ ನನ್ನ ಎದುರಿಗೇ ಫೋನ್ ಮಾಡಿದ.